ಎರಡೇ ಪೆಡಲು, ನೂರೆಂಟು ತೊಡಕು

ಕ್ಲಚ್ ಇಲ್ಲದ ಕಾರು ಬೆಳಗಾವಿಯ ಬೀದಿಗೆ ಈಗ ಹೊಸತಲ್ಲ. ಅದರ ಗೇರ್‌ಬಾಕ್ಸ್ ಬಿಚ್ಚುವ ಕೈ ಮಾತ್ರ ಇನ್ನೂ ಅಪರೂಪ. ಪಂಪು, ವಾಲ್ವು, ಎಣ್ಣೆಯ ಒತ್ತಡವನ್ನೇ ಅನ್ನ ಮಾಡಿಕೊಂಡ ಊರಿನಲ್ಲಿ ಗೇರ್‌ಬಾಕ್ಸ್ ಕೆಟ್ಟರೆ ಪುಣೆಯ ದಾರಿ ನೋಡಬೇಕಾದ್ದು ಯಾಕೆ? ನಾಲ್ಕು ಲೀಟರ್ ಎಣ್ಣೆಗೆ ಹಿಂದೆಮುಂದೆ ನೋಡಿ ಇಡೀ ಪೆಟ್ಟಿಗೆಯನ್ನೇ ಕಳೆದುಕೊಳ್ಳುವ ಕಥೆ ಇದು.

ಆಷಾಢದ ಭಾನುವಾರ. ಜಾಂಬೋಟಿ ದಾಟಿದ ಮೇಲೆ ವೈಪರ್‌ಗೆ ಬಿಡುವಿಲ್ಲ. ಚೋರ್ಲಾ ಘಟ್ಟದ ಜಲಪಾತ ನೋಡಲು ಬೆಳಗಾವಿಯಿಂದ ಹೊರಟ ಕಾರುಗಳ ಸಾಲು ಕಣಕುಂಬಿಯ ಹತ್ತಿರ ತೆವಳುತ್ತಿದೆ. ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪವಷ್ಟೇ ಕಾಣುತ್ತದೆ. ಅಂಥದರಲ್ಲಿ ಒಂದು ಬಿಳಿ ಕಾರು ಏರಿನ ನಡುವೆ ನಿಂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚುತ್ತದೆ, ಚಕ್ರ ಮಾತ್ರ ಉರುಳದು.

ಹಿಂದಿನಿಂದ ಹಾರನ್ನು. ಬಾಗಿಲು ತೆಗೆದರೆ ಸುಟ್ಟ ವಾಸನೆ. ಎದುರಿನಿಂದ ಬಂದ ಟ್ರ್ಯಾಕ್ಟರ್‌ನವನಿಗೆ ಕನಿಕರ ಹುಟ್ಟಿ, ನೈಲಾನ್ ಹಗ್ಗ ಹಿಡಿದೇ ಇಳಿದ.

“ಟೋಚನ್ ಹಾಕೂಣ್ರೀ, ಖಾನಾಪುರದ ತನಕಾ ಎಳಕೊಂಡ ಹೋಗೂಣು.”

ಹಗ್ಗದ ಗಂಟು ಬಿಗಿಯುವಷ್ಟರಲ್ಲಿ ಹಿಂದಿನ ಪಿಕಪ್‌ನಿಂದ ಒಬ್ಬ ಹುಡುಗ ಛತ್ರಿಯನ್ನೂ ಬಿಡಿಸದೆ ಓಡಿಬಂದ. “ಏ ಕಾಕಾ, ಹಗ್ಗಾ ಬಿಚ್ರಿ ಮದಲ! ಆಟೊಮ್ಯಾಟಿಕ್ ಗಾಡಿ ಐತದು. ಹಂಗ ಎಳದ್ರ ಉಳದಿದ್ದೂ ಸುಟ್ಟ ಹೋಗತೈತಿ.”

“ನ್ಯೂಟ್ರಲ್‌ಗೆ ಹಾಕೇನಲ್ಲೋ ತಮ್ಮಾ, ಮತ್ತೇನಾಗತೈತಿ?” ಮಾಲೀಕರ ಪ್ರಶ್ನೆ.

ಮಳೆಗಾಲದಲ್ಲಿ ಈ ದಾರಿಯಲ್ಲಿ ಓಡಾಡುವವರಿಗೆ ಇಂಥ ಜಗಳ ಅಪರಿಚಿತವಲ್ಲ. ಗೆಲ್ಲಬೇಕಾದ್ದು ಆ ಹುಡುಗನೇ. ಹಳೆಯ ಮ್ಯಾನ್ಯುಯಲ್ ಗಾಡಿಯಲ್ಲಿ ಗೇರಿನ ಹಲ್ಲುಗಳು ಎಣ್ಣೆಯೊಳಗೆ ಅದ್ದಿಕೊಂಡೇ ತಿರುಗುತ್ತವೆ, ಎಷ್ಟು ದೂರ ಎಳೆದರೂ ಚಿಂತೆಯಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಮೂಲೆಮೂಲೆಗೆ ತಲುಪಿಸುವುದು ಒಂದು ಪಂಪು, ಆ ಪಂಪು ತಿರುಗುವುದು ಎಂಜಿನ್ ತಿರುಗಿದರೆ ಮಾತ್ರ. ಎಂಜಿನ್ ಬಂದ್ ಮಾಡಿ ಚಕ್ರ ಉರುಳಿಸಿದರೆ ಒಳಗಿನ ಗೇರುಗಳು ಒಣಗಿದ ಬೇರಿಂಗ್ ಮೇಲೆ ಗಿರ್ರನೆ ತಿರುಗುತ್ತವೆ. ನ್ಯೂಟ್ರಲ್ ಇದಕ್ಕೆ ರಕ್ಷಣೆಯೇ ಅಲ್ಲ. ಎಂಜಿನ್ ಶಕ್ತಿ ಹೋಗುವ ಚಕ್ರಗಳು ನೆಲ ಬಿಟ್ಟು ಮೇಲೇಳಬೇಕು, ಇಲ್ಲವೇ ಇಡೀ ಗಾಡಿ ಫ್ಲ್ಯಾಟ್‌ಬೆಡ್ ಲಾರಿ ಏರಬೇಕು.

ಮೂರು ಗೇಟಿನ ಊರು

ಬೆಳಗಾವಿಗೆ ಆಟೊಮ್ಯಾಟಿಕ್ ಯಾಕೆ ಬೇಕಾಯಿತು ಎಂದು ಕೇಳುವವರು ಸಂಜೆ ಆರರ ಹೊತ್ತಿಗೆ ಟಿಳಕವಾಡಿಯ ರೈಲ್ವೆ ಗೇಟಿನ ಮುಂದೆ ನಿಲ್ಲಬೇಕು. ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು ವಿಳಾಸವನ್ನೇ ಗೇಟಿನ ಲೆಕ್ಕದಲ್ಲಿ ಹೇಳುವ ಊರಿದು. ಗೇಟು ಬಿದ್ದು ಎದ್ದ ಮೇಲೆ ಖಾನಾಪುರ ರಸ್ತೆ ಸೇರುವಷ್ಟರಲ್ಲಿ ಎಡಗಾಲು ಕ್ಲಚ್ ತುಳಿದೇ ಸೋತಿರುತ್ತದೆ. ಮೊಣಕಾಲು ನೋವಿನ ನಿವೃತ್ತ ಮೇಷ್ಟ್ರು, ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ತಾಯಿ, ಪುಣೆಯಿಂದ ರಜೆಗೆ ಬಂದ ಮಗನ ಒತ್ತಾಯಕ್ಕೆ ಮಣಿದ ಅಪ್ಪ, ಎಲ್ಲರೂ ಎರಡು ಪೆಡಲಿನ ಕಾರಿಗೆ ಬಂದದ್ದು ಹೀಗೆ.

ದುಡ್ಡಿನ ಲೆಕ್ಕ ಬದಲಾದದ್ದು 2014ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಮಾರುತಿಯ ಸೆಲೆರಿಯೊ ಎಎಂಟಿ ಎಂಬ ಅಗ್ಗದ ಉಪಾಯ ಹೊತ್ತು ಬಂತು. ಅದಕ್ಕೂ ಮೊದಲು ಝೆನ್, ಸ್ಯಾಂಟ್ರೊ ಕಾರುಗಳಲ್ಲಿ ಆಟೊಮ್ಯಾಟಿಕ್ ಬಂದು ಹೋಗಿತ್ತು, ಕೊಂಡವರು ಕಡಿಮೆ. “ಮೈಲೇಜ್ ಕೊಡಂಗಿಲ್ಲ, ಕೆಟ್ರ ಯಾರೂ ರಿಪೇರಿ ಮಾಡಂಗಿಲ್ಲ” ಎಂಬ ಎರಡು ಮಾತು ಸಾಕಾಗಿತ್ತು. ಮೊದಲನೆಯದು ಬಹುಮಟ್ಟಿಗೆ ಸುಳ್ಳಾಯಿತು. ಎರಡನೆಯದು ಅಷ್ಟು ಸುಲಭವಾಗಿ ಸುಳ್ಳಾಗಿಲ್ಲ.

ತಮಾಷೆಯೆಂದರೆ ಈ ಊರಿನ ಸ್ಕೂಟರ್ ಮಿಸ್ತ್ರಿಗಳಿಗೆ ಆಟೊಮ್ಯಾಟಿಕ್ ಎಂದೂ ಒಗಟಾಗಿರಲಿಲ್ಲ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಗೇರಿಲ್ಲದ ಸ್ಕೂಟರು. ಅದರೊಳಗೆ ರಬ್ಬರ್ ಬೆಲ್ಟು, ಎರಡು ಪುಲ್ಲಿ, ವೇಗ ಹೆಚ್ಚಿದಂತೆ ಪುಲ್ಲಿಯ ಅಗಲ ಬದಲಿಸುವ ರೋಲರುಗಳು. ಇಂದಿನ ಆಕ್ಟಿವಾದಲ್ಲೂ ಅದೇ. ಶಹಾಪುರದ ಮೂಲೆಯ ಅಂಗಡಿಯಲ್ಲಿ ಬೆಲ್ಟು ಬದಲಿಸುವ ಹುಡುಗ ಮಾಡುತ್ತಿರುವುದು ಸಿವಿಟಿ ರಿಪೇರಿಯೇ. ಅವನಿಗೆ ಯಾರೂ ಆ ಹೆಸರು ಹೇಳಿಲ್ಲ ಅಷ್ಟೇ.

ಒಂದೇ ಹೆಸರು, ನಾಲ್ಕು ಜಾತಿ

ಆಟೊಮ್ಯಾಟಿಕ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವ ಯಂತ್ರಗಳು ಒಳಗೆ ಪರಸ್ಪರ ನೆಂಟರೇ ಅಲ್ಲ. ಅರ್ಧಕ್ಕರ್ಧ ರಿಪೇರಿ ಎಡವಟ್ಟುಗಳು ಹುಟ್ಟುವುದು ಇಲ್ಲಿ.

ಎಎಂಟಿ ನಿಜಕ್ಕೂ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದೇ ಕ್ಲಚ್ ಪ್ಲೇಟು, ಅದೇ ಹಲ್ಲುಗಳು. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಮೇಲೆ ಕೂಡಿಸಿದ ಒಂದು ಆಕ್ಚುಯೇಟರ್ ಮಾಡುತ್ತದೆ. ಸೆಲೆರಿಯೊದಂಥ ಗಾಡಿಯಲ್ಲಿ ಚಾಲಕನ ಬಾಗಿಲು ತೆಗೆದ ಕೂಡಲೇ ಎಲ್ಲಿಂದಲೋ ಸಣ್ಣ ಮೋಟಾರು ಗುಂಯ್‌ಗುಡುವುದು ಕೇಳಿದ್ದೀರಾ? ಅದು ಆ ಆಕ್ಚುಯೇಟರಿನ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು.

ಸಿವಿಟಿಯಲ್ಲಿ ಗೇರುಗಳ ಮೆಟ್ಟಿಲೇ ಇಲ್ಲ. ಡಚ್ ಉದ್ಯಮಿ ಹುಬ್ ವ್ಯಾನ್ ಡೋರ್ನ್ 1958ರಲ್ಲಿ ಡಾಫ್ 600 ಎಂಬ ಪುಟ್ಟ ಕಾರಿಗೆ ರಬ್ಬರ್ ಬೆಲ್ಟಿನ ಸಿವಿಟಿ ಕೂಡಿಸಿದ. ಈಗಿನ ಕಾರುಗಳಲ್ಲಿ ರಬ್ಬರಿನ ಬದಲು ನೂರಾರು ತೆಳು ಉಕ್ಕಿನ ತುಂಡುಗಳನ್ನು ಪೋಣಿಸಿದ ಬೆಲ್ಟು. ಅದು ಎಳೆಯುವುದಿಲ್ಲ, ಒಂದು ತುಂಡು ಇನ್ನೊಂದನ್ನು ತಳ್ಳುತ್ತ ಶಕ್ತಿ ಸಾಗಿಸುತ್ತದೆ. ಪುಲ್ಲಿಗೂ ಉಕ್ಕಿಗೂ ನಡುವೆ ಜಾರದಂತೆ ಹಿಡಿದಿಡುವುದು ಎಣ್ಣೆಯ ಒಂದು ಪದರ. ಅಲ್ಲಿಗೆ ಬೇರೆ ಎಣ್ಣೆ ಸುರಿದರೆ ಹಿಡಿತವೇ ಹೋಗುತ್ತದೆ.

ಡಿಸಿಟಿಯಲ್ಲಿ ಕ್ಲಚ್ ಎರಡು. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿರುತ್ತದೆ. ಓಡಿಸುವವರಿಗೆ ಸುಖ, ಟ್ರಾಫಿಕ್ಕಿನಲ್ಲಿ ಒಣ ಕ್ಲಚ್ಚಿಗೆ ಕಷ್ಟ. ಫೋಕ್ಸ್‌ವ್ಯಾಗನ್ ಕಂಪನಿ 2013ರಲ್ಲಿ ಚೀನಾವೊಂದರಲ್ಲೇ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಡಿಎಸ್‌ಜಿ ಹೆಸರಿನ ತನ್ನ ಡಿಸಿಟಿ ಗೇರ್‌ಬಾಕ್ಸಿನ ದೋಷಕ್ಕಾಗಿ ವಾಪಸು ಕರೆಸಿಕೊಳ್ಳಬೇಕಾಯಿತು.

ನಾಲ್ಕನೆಯದು ಟಾರ್ಕ್ ಕನ್ವರ್ಟರ್. ಹಳಬರ ಪಾಲಿಗೆ ಅಸಲಿ ಆಟೊಮ್ಯಾಟಿಕ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಒಂದು ಡಬ್ಬ. ಅದರಲ್ಲಿ ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ಆ ಹೊಡೆತಕ್ಕೆ ತಿರುಗುತ್ತವೆ. ನಡುವಿನ ಮೂರನೇ ಚಕ್ರ ಎಣ್ಣೆಯ ದಿಕ್ಕು ತಿದ್ದಿ, ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಬಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ ಕೊಡುತ್ತದೆ. ಗೇಟಿನ ಮುಂದೆ ಬ್ರೇಕ್ ಬಿಟ್ಟರೆ ಗಾಡಿ ತಾನೇ ಮೆಲ್ಲಗೆ ಸರಿಯುವುದು ಇದರಿಂದ.

ಅದರ ಹಿಂದೆ ಗ್ರಹಗತಿಯ ಗೇರುಗಳು. ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೊಂದು ಬಳೆ. ಯಾವುದನ್ನು ಹಿಡಿದು ನಿಲ್ಲಿಸಿದರೆ ಯಾವ ಗೇರು ಎಂಬುದೇ ಆಟ. ಹಿಡಿಯುವ ಕೆಲಸ ಕ್ಲಚ್ ಪ್ಯಾಕುಗಳದು, ಹಿಡಿಯುವ ಬಲ ಎಣ್ಣೆಯ ಒತ್ತಡದ್ದು. ಆ ಎಣ್ಣೆಯನ್ನು ಯಾವ ಕ್ಲಚ್ಚಿಗೆ, ಎಷ್ಟು ಹೊತ್ತು, ಎಷ್ಟು ಒತ್ತಡದಲ್ಲಿ ಬಿಡಬೇಕೆಂದು ನಿರ್ಧರಿಸುವ ಅಲ್ಯುಮಿನಿಯಂ ಹಲಗೆಗೆ ವಾಲ್ವ್ ಬಾಡಿ ಎನ್ನುತ್ತಾರೆ. ಸವದತ್ತಿಯ ಜಲಾಶಯದಿಂದ ಮಲಪ್ರಭೆಯ ನೀರು ಮುಖ್ಯ ಕಾಲುವೆಗೆ ಇಳಿದು, ಗೇಟು ಎತ್ತಿದ ಕಡೆ ಹೊಲಕ್ಕೆ ಹರಿಯುತ್ತದಲ್ಲ, ವಾಲ್ವ್ ಬಾಡಿಯ ಕೆಲಸವೂ ಅಂಥದೇ. ಇಲ್ಲಿ ಗೇಟು ಎತ್ತುವ ನೀರಗಂಟಿ ಸೊಲೆನಾಯ್ಡ್, ಅವನಿಗೆ ಹುಕುಂ ಕೊಡುವುದು ಕಂಪ್ಯೂಟರು.

> ಹಡಗಿನಿಂದ ಇಳಿದ ಯಂತ್ರ
>
> ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ಕಾರಿಗಾಗಿ ಅಲ್ಲ. ಸ್ಟೆಟಿನ್ ಬಂದರಿನ ವುಲ್ಕಾನ್ ಹಡಗುಕಟ್ಟೆಯಲ್ಲಿದ್ದ ಜರ್ಮನ್ ಎಂಜಿನಿಯರ್ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ರಭಸದಿಂದ ತಿರುಗುವ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಖಕ್ಕೂ ಹೊಂದಾಣಿಕೆ ಮಾಡಿಸುವುದು ಅವನ ಉದ್ದೇಶ. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 1939ರ ಕೊನೆಗೆ, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ಅದನ್ನೇ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕುಗಳಿಗೆ ಕೂಡಿಸಿದರು. ಟ್ಯಾಂಕಿನಲ್ಲಿ ಬಾಳಿದ್ದು ಕಾರಿನಲ್ಲಿ ಬಾಳದೇ ಎಂಬುದು ಯುದ್ಧ ಮುಗಿದ ಮೇಲಿನ ಜಾಹೀರಾತಾಯಿತು.

‘ಲೈಫ್‌ಟೈಮ್’ ಯಾರದು?

“ಇದಕ್ಕ ಆಯಿಲ್ ಬದಲಿ ಮಾಡೂದ ಇಲ್ರೀ, ಸೀಲ್ ಮಾಡಿ ಬಂದೈತಿ, ಲೈಫ್‌ಟೈಮ್.” ಆಟೊಮ್ಯಾಟಿಕ್ ಕೊಂಡ ಬಹುತೇಕರು ಎಲ್ಲೋ ಒಮ್ಮೆ ಕೇಳಿರುವ ಮಾತಿದು. ಕೆಲವು ಕಾರುಗಳ ಸರ್ವಿಸ್ ಪುಸ್ತಕದಲ್ಲೂ ಹೀಗೇ ಇದೆ. ಆದರೆ ಜೀವಮಾನ ಅಂದರೆ ಯಾರ ಜೀವಮಾನ? ಎಣ್ಣೆ ಬದಲಿಸದಿದ್ದರೆ ಗೇರ್‌ಬಾಕ್ಸು ಎಷ್ಟು ದಿನ ಬದುಕುತ್ತದೋ ಅಷ್ಟೇ ಅದರ ಜೀವಮಾನ ಎಂದು ಅರ್ಥ ಮಾಡಿಕೊಂಡರೆ ಆ ಮಾತು ಸರಿ.

ಗೇರ್‌ಬಾಕ್ಸ್ ತಯಾರಿಸುವವರೇ ಬೇರೆ ಹೇಳುತ್ತಾರೆ. ಬಿಎಂಡಬ್ಲ್ಯುನಿಂದ ಹಿಡಿದು ಹಲವು ಕಂಪನಿಗಳಿಗೆ ಗೇರ್‌ಬಾಕ್ಸ್ ಕೊಡುವ ಜರ್ಮನಿಯ ಝಡ್‌ಎಫ್, ತನ್ನ ಪೆಟ್ಟಿಗೆಗಳಿಗೆ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ. ಬೇರೆ ಕಾರುಗಳ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಠಿಣ ಬಳಕೆ’ ಎಂಬ ಪಟ್ಟಿ ಇರುತ್ತದೆ: ಘಟ್ಟದ ರಸ್ತೆ, ನಿಂತು ಹೊರಡುವ ಟ್ರಾಫಿಕ್ಕು, ದೂಳು, ಸೆಕೆ, ತುಂಬಿದ ಗಾಡಿ. ಗೋವಾ ವೇಸ್‌ನಿಂದ ಗೋವಾಕ್ಕೆ ಹೋಗಿಬರುವ ಯಾವ ಕಾರು ಈ ಪಟ್ಟಿಯಿಂದ ಹೊರಗಿದೆ ಹೇಳಿ. ನನ್ನ ಕೇಳಿದರೆ ನಮ್ಮ ಕಡೆಯ ಟಾರ್ಕ್ ಕನ್ವರ್ಟರಿಗೂ ಸಿವಿಟಿಗೂ 40ರಿಂದ 60 ಸಾವಿರ ಕಿ.ಮೀ.ಗೆ ಎಣ್ಣೆ ಬದಲಿಸುವುದೇ ಕ್ಷೇಮ.

ಎಣ್ಣೆಯ ಶತ್ರು ಶಾಖ. 80–90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೆಮ್ಮದಿಯಾಗಿರುವ ಎಣ್ಣೆ, ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ ಎಂಬುದು ಎಣ್ಣೆಯವರ ಹಳೆಯ ಲೆಕ್ಕ. ಸುಟ್ಟ ಎಣ್ಣೆ ವಾರ್ನಿಶ್ ಆಗಿ ವಾಲ್ವುಗಳಿಗೆ ಅಂಟುತ್ತದೆ. ವಾಲ್ವು ಅಂಟಿದರೆ ಒತ್ತಡ ತಡವಾಗಿ ತಲುಪುತ್ತದೆ. ತಡವಾದರೆ ಕ್ಲಚ್ಚು ಜಾರುತ್ತದೆ, ಜಾರಿದರೆ ಇನ್ನಷ್ಟು ಶಾಖ. ಹೀಗೆ ಸುತ್ತಿಕೊಂಡ ಕಾಯಿಲೆ ಹೊರಗೆ ಕಾಣುವುದು ಒಂದು ಸಣ್ಣ ಝಟಕಾ ಆಗಿ. “ಮುಂಜಾನೆ ಒಂದ ಸಲಾ ಝಟಕಾ ಹೊಡೀತೈತ್ರಿ, ಆಮ್ಯಾಲ ಛಲೋ ಹೊಕ್ಕೈತಿ” ಎಂದು ಮಾಲೀಕ ಸಮಾಧಾನ ಮಾಡಿಕೊಳ್ಳುವ ಹಂತವೇ ಗೇರ್‌ಬಾಕ್ಸನ್ನು ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳಬಹುದಾದ ಕೊನೆಯ ಹಂತ.

ಒಳ್ಳೆಯ ಮಿಸ್ತ್ರಿ ಎಣ್ಣೆ ಬದಲಿಸುವುದನ್ನು ನಿಂತು ನೋಡಬೇಕು. ಕೆಳಗಿನ ಡ್ರೇನ್ ಬೋಲ್ಟಿಗೆ ಕೈ ಹಾಕುವ ಮುನ್ನ ಆತ ತುಂಬುವ ಪ್ಲಗ್ ಸಡಿಲಾಗುತ್ತದೆಯೇ ಎಂದು ನೋಡುತ್ತಾನೆ. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಪ್ಲಗ್ಗೇ ಬರದಿದ್ದರೆ ಗಾಡಿ ಅಲ್ಲೇ ಠಿಕಾಣಿ. ಆಮೇಲೆ ಇಳಿದ ಎಣ್ಣೆಯನ್ನು ಚೆಲ್ಲುವುದಿಲ್ಲ, ಅಳೆಯುತ್ತಾನೆ. ಮೊದಲಿಗೆ ಎಷ್ಟಿತ್ತು ಎಂದು ಗೊತ್ತಾದರೆ ಸೋರಿಕೆ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಚೇಂಬರ್ ಬಿಚ್ಚಿದಾಗ ಅದರ ತಳದಲ್ಲಿ ಪುಟ್ಟ ಮ್ಯಾಗ್ನೆಟ್‌ಗಳು ಕಾಣುತ್ತವೆ. ಅವುಗಳ ಮೇಲೆ ಬೂದುಬಣ್ಣದ ನುಣ್ಣನೆ ಹಿಟ್ಟಿದ್ದರೆ ಗಾಬರಿಯಿಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೋ, ಒಳಗೆ ಗೇರೋ ಬೇರಿಂಗೋ ಒಡೆದಿದೆ. ಕಪ್ಪು ಪುಡಿ ತೇಲುತ್ತಿದ್ದರೆ ಕ್ಲಚ್ ಲೈನಿಂಗ್ ಕಳಚುತ್ತಿದೆ. ರಕ್ತಪರೀಕ್ಷೆಗಿಂತ ಅಗ್ಗದ ಈ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ, ಚೇಂಬರ್ ಒರೆಸಿ ಮುಚ್ಚಿಬಿಡುತ್ತಾರೆ.

ತುಂಬುವುದು ಇನ್ನೂ ನಾಜೂಕು. ಈಗಿನ ಬಹಳಷ್ಟು ಗೇರ್‌ಬಾಕ್ಸುಗಳಿಗೆ ಅಳತೆಯ ಕಡ್ಡಿಯೇ ಇಲ್ಲ. ಎಂಜಿನ್ ಚಾಲೂ ಇಟ್ಟು, ಗಾಡಿಯನ್ನು ಸಮಮಟ್ಟದಲ್ಲಿ ಎತ್ತಿ, ಸ್ಕ್ಯಾನರಿನಲ್ಲಿ ಎಣ್ಣೆಯ ಉಷ್ಣತೆ ನೋಡುತ್ತ, ಕಂಪನಿ ಹೇಳಿದ ಡಿಗ್ರಿ ಬಂದಾಗ ಅಳತೆಯ ಪ್ಲಗ್ ತೆಗೆಯಬೇಕು. ಅನೇಕ ಗೇರ್‌ಬಾಕ್ಸುಗಳಲ್ಲಿ ಅದು 40 ಡಿಗ್ರಿಯ ಆಚೀಚೆ. ಎಣ್ಣೆ ತೆಳ್ಳಗೆ ತೊಟ್ಟಿಕ್ಕಿದರೆ ಅಳತೆ ಸರಿ. ಬಿಸಿಯಾದ ಎಣ್ಣೆ ಹಿಗ್ಗುವುದರಿಂದ, 80 ಡಿಗ್ರಿಯಲ್ಲಿ ನೋಡಿ ಸರಿಯಿದೆ ಎಂದವನು ಕಡಿಮೆ ತುಂಬಿರುತ್ತಾನೆ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ತಿರುಗುವ ಗೇರು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಎರಡರಲ್ಲೂ ಒತ್ತಡ ಕುಸಿಯುತ್ತದೆ.

ಇನ್ನೊಂದು ಸಂಗತಿ. ಬೋಲ್ಟು ಬಿಚ್ಚಿದರೆ ಹೊರಬರುವುದು ಸುಮಾರು ಅರ್ಧ ಎಣ್ಣೆ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ಕೂಲರಿನಲ್ಲೂ ಅಡಗಿರುತ್ತದೆ. ಹಾಗಾಗಿ ಕೆಲವರು ಸ್ವಲ್ಪ ಓಡಿಸಿ ಮತ್ತೆ ಬದಲಿಸುತ್ತಾರೆ, ಕೆಲವರು ಯಂತ್ರ ಹಚ್ಚಿ ಪೂರ್ತಿ ತೊಳೆಯುತ್ತಾರೆ. 2 ಲಕ್ಷ ಕಿ.ಮೀ. ಓಡಿ ಒಮ್ಮೆಯೂ ಎಣ್ಣೆ ಕಾಣದ ಪೆಟ್ಟಿಗೆಯನ್ನು ಒಮ್ಮೆಲೇ ತೊಳೆಯಲು ಹೋಗಬಾರದು ಎಂಬ ಮಿಸ್ತ್ರಿಗಳ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ಕ್ಲಚ್ಚು ಆಗಲೇ ಸವೆದಿದ್ದರೆ ಹೊಸ ಎಣ್ಣೆ ಅದನ್ನು ಬದುಕಿಸದು. ಸತ್ತದ್ದಕ್ಕೆ ಎಣ್ಣೆ ಬದಲಿಸಿದವನ ಮೇಲೆ ಗೂಬೆ ಕೂರುತ್ತದೆ.

> ತಿಮಿಂಗಿಲದ ಪಾಲು
>
> ಆಟೊಮ್ಯಾಟಿಕ್ ಎಣ್ಣೆಗೆ ಕೆಂಪು ಬಣ್ಣ ಬೆರೆಸುವುದು ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತಿಸಲು; ಗುಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಒಂದು ಕಾಲದಲ್ಲಿ ಅಮೆರಿಕದ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರುತ್ತಿತ್ತು. ಕ್ಲಚ್ಚು ಝಟಕಾ ಇಲ್ಲದೆ ಹಿಡಿಯಲು ಅದಕ್ಕಿಂತ ಒಳ್ಳೆಯದು ಸಿಕ್ಕಿರಲಿಲ್ಲ. 1970ರ ದಶಕದ ಆರಂಭದಲ್ಲಿ ತಿಮಿಂಗಿಲ ಉತ್ಪನ್ನಗಳಿಗೆ ಅಲ್ಲಿ ನಿಷೇಧ ಬಿದ್ದಾಗ ಎಣ್ಣೆ ಕಂಪನಿಗಳು ಬದಲಿಗಾಗಿ ಪರದಾಡಿದವು. ತಿಮಿಂಗಿಲದ ಎಣ್ಣೆಗೆ ಪರ್ಯಾಯವೆಂದು ಆಗ ಹೆಸರು ಮಾಡಿದ್ದು ಮರುಭೂಮಿಯ ಜೊಜೊಬಾ ಗಿಡದ ಬೀಜ.

ಹಾಲಾತ್ರಿ ಹಳ್ಳದ ನೀರು

ಖಾನಾಪುರ ತಾಲ್ಲೂಕಿನ ಕಾರುಗಳಿಗೆ ಶಾಖದಷ್ಟೇ ಹಗೆ ನೀರು. ಮಳೆ ಜೋರಾದರೆ ಹೆಮ್ಮಡಗಾ ರಸ್ತೆಯ ಹಾಲಾತ್ರಿ ಹಳ್ಳ ಸೇತುವೆ ಮುಳುಗಿಸಿಕೊಂಡು ಹರಿಯುತ್ತದೆ. ಮಲಪ್ರಭೆ ಇಲ್ಲಿ ಇನ್ನೂ ಹುಟ್ಟಿದ ಮನೆಯ ಅಂಗಳದಲ್ಲೇ ಇದ್ದರೂ ಆಷಾಢದಲ್ಲಿ ಯಾರ ಮಾತೂ ಕೇಳುವುದಿಲ್ಲ. “ಏ, ಬರೇ ಮೊಣಕಾಲ ಮಟಾ ನೀರೈತಿ, ಬಿಡ್ರಿ ಗಾಡಿ” ಎಂದು ದಡದಲ್ಲಿ ನಿಂತವರು ಹುರಿದುಂಬಿಸುತ್ತಾರೆ. ಗಾಡಿ ಅವರದಲ್ಲ.

ಗೇರ್‌ಬಾಕ್ಸಿಗೆ ಉಸಿರಾಡಲು ಮೇಲ್ಗಡೆ ಒಂದು ಸಣ್ಣ ಬ್ರೀದರ್ ಇರುತ್ತದೆ. ಬಿಸಿಯಾಗಿರುವ ಪೆಟ್ಟಿಗೆ ಸರ್ರನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಮುಳುಗಿದ್ದರೆ ಎಳೆದುಕೊಳ್ಳುವುದು ನೀರನ್ನು. ಕ್ಲಚ್ ಪ್ಲೇಟಿನ ಲೈನಿಂಗ್ ಕಾಗದದ ನಾರಿನಿಂದ ಮಾಡಿ ಉಕ್ಕಿಗೆ ಅಂಟಿಸಿದ್ದು. ನೀರು ತಾಗಿದರೆ ಅಂಟು ಬಿಡುತ್ತದೆ. ಎಣ್ಣೆ ಬೆಳ್ಳಗೆ ಹಾಲು ಬೆರೆಸಿದಂತಾಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬಾರದು. ಅಲ್ಲಿಂದ ಎತ್ತಿಸಿ ಎಣ್ಣೆಯನ್ನು ಪೂರ್ತಿ ತೊಳೆಸಬೇಕು. ಮನೆಯವರೆಗೆ ಓಡಿಸಿಬಿಡೋಣ ಎಂದವರ ಗೇರ್‌ಬಾಕ್ಸು ಮನೆ ತಲುಪಿರಬಹುದು, ಮುಂದಿನ ಮಳೆಗಾಲ ತಲುಪುವುದು ಅನುಮಾನ.

ಹಳ್ಳಕ್ಕೇ ಇಳಿಯಬೇಕೆಂದಿಲ್ಲ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ರೇಡಿಯೇಟರಿನ ಒಳಗೇ ಇರುವ ನಾಳದಲ್ಲಿ ತಣಿಯುತ್ತದೆ. ಆ ನಾಳ ತೂತಾದರೆ ಕೂಲಂಟ್ ಎಣ್ಣೆಗೆ ಸೇರುತ್ತದೆ. ರೇಡಿಯೇಟರಿಗೆ ಕೂಲಂಟ್ ಬದಲು ಬಾವಿ ನೀರು ಸುರಿಯುವ ನಮ್ಮ ಹಳೆಯ ರೂಢಿ ಆ ತೂತನ್ನು ಬೇಗ ಕರೆತರುತ್ತದೆ.

ಘಟ್ಟದ ಏರಿನಲ್ಲಿ ಎಎಂಟಿ ಗಾಡಿಗಳದು ಬೇರೆ ಗೋಳು. ಸಾಲು ನಿಂತಾಗ ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರನ್ನು ತುಸುವೇ ಒತ್ತಿ ಗಾಡಿಯನ್ನು ಏರಿನಲ್ಲಿ ತೂಗಿಸಿ ನಿಲ್ಲಿಸುವ ಚಟ ಹಲವರಿಗಿದೆ. ಮ್ಯಾನ್ಯುಯಲ್‌ನಲ್ಲಿ ಹಾಫ್ ಕ್ಲಚ್ ಮಾಡುತ್ತಿದ್ದೇವೆಂಬ ಅರಿವಾದರೂ ಇರುತ್ತಿತ್ತು. ಇಲ್ಲಿ ಕಾಲಿಗೆ ಏನೂ ತಿಳಿಯದು, ಪ್ಲೇಟು ಮಾತ್ರ ಉರಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿಗೂ ಒಂದು ಮಾತು: ಗೇರಿನಲ್ಲೇ ಇಳಿದರೆ ಈಗಿನ ಎಂಜಿನ್ನುಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ. ಚೋರ್ಲಾ ಇಳಿಯುವಾಗ ಎಂ ಅಥವಾ ಎಲ್‌ಗೆ ತಂದು ಎರಡನೇ ಗೇರಿನಲ್ಲಿ ಇಳಿಯುವುದು ಬ್ರೇಕಿಗೂ ಒಳ್ಳೆಯದು, ಎದೆಬಡಿತಕ್ಕೂ.

ಹೈಡ್ರಾಲಿಕ್ಸ್ ಊರಿನ ಕೊರತೆ

ಈಗ ಬೆಳಗಾವಿಯ ವಿಚಿತ್ರ. ಖಾನಾಪುರ ರಸ್ತೆಯಲ್ಲಿ ಉದ್ಯಮಬಾಗದಿಂದ ಮಚ್ಛೆಯವರೆಗೆ ಹೋಗಿ ನೋಡಿ. ಎರಕದ ಫೌಂಡ್ರಿ, ಲೇತ್ ಶಾಪು, ಹೈಡ್ರಾಲಿಕ್ ಪಂಪು, ಹೈಡ್ರಾಲಿಕ್ ವಾಲ್ವು. ಸುರೇಶ ಹುಂದರೆ 1980ರ ದಶಕದ ಆರಂಭದಲ್ಲಿ ಕಟ್ಟಿದ ಪಾಲಿಹೈಡ್ರಾನ್ ಈ ಊರಿಗೆ ಹೈಡ್ರಾಲಿಕ್ಸ್ ನಕ್ಷೆಯಲ್ಲಿ ಜಾಗ ಕೊಟ್ಟ ಹೆಸರುಗಳಲ್ಲಿ ಒಂದು. ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಗೋಗಟೆ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇವೆ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದೇ ದಾರಿಯಲ್ಲಿ.

ಈ ಕಾರ್ಖಾನೆಗಳು ಮಾಡುವ ಪಂಪು, ವಾಲ್ವುಗಳು 200–300 ಬಾರ್ ಒತ್ತಡ ತಡೆಯುವಂಥವು. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಇರುವ ಒತ್ತಡ ಸಾಮಾನ್ಯವಾಗಿ 5ರಿಂದ 20 ಬಾರ್. ಸ್ಪೂಲ್ ವಾಲ್ವು ಎಷ್ಟು ಮೈಕ್ರಾನ್ ಸಂದಿನಲ್ಲಿ ಜಾರಬೇಕು, ಸೀಲು ಯಾಕೆ ಸೋರುತ್ತದೆ, ಎಣ್ಣೆಯಲ್ಲಿ ಗಾಳಿ ಸೇರಿದರೆ ಪಂಪು ಹೇಗೆ ಅಳುತ್ತದೆ ಎಂಬುದು ಇಲ್ಲಿನ ಫಿಟ್ಟರ್‌ಗೆ ಕರತಲಾಮಲಕ. ಹೀಗಿದ್ದೂ ಆಟೊನಗರದಲ್ಲಿ ಗೇರ್‌ಬಾಕ್ಸ್ ಇಳಿಸಿದ ಮೇಲೆ ವಾಲ್ವ್ ಬಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಪುಣೆಗೋ ಬೆಂಗಳೂರಿಗೋ ಟ್ರಾನ್ಸ್‌ಪೋರ್ಟ್‌ಗೆ ಹಾಕುವುದು ತಪ್ಪುವುದಿಲ್ಲ.

ಕೈಚಳಕದ ಕೊರತೆಯೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಇಲ್ಲಿ ಇಲ್ಲದಿರುವುದು ನಕ್ಷೆ, ಬಿಡಿಭಾಗ ಮತ್ತು ಸಾಫ್ಟ್‌ವೇರ್. ಎಎಂಟಿಯ ಕ್ಲಚ್ ಪ್ಲೇಟನ್ನು ಯಾವ ಮಿಸ್ತ್ರಿಯಾದರೂ ಬದಲಿಸಬಲ್ಲ. ಬದಲಿಸಿದ ಮೇಲೆ ಹೊಸ ಪ್ಲೇಟು ಎಲ್ಲಿ ಹಿಡಿಯುತ್ತದೆ ಎಂದು ಕಂಪ್ಯೂಟರಿಗೆ ಕಲಿಸಬೇಕು, ಅದಕ್ಕೆ ಸರಿಯಾದ ಸ್ಕ್ಯಾನರ್ ಬೇಕು. ಅದಿಲ್ಲದೆ ಕಳಿಸಿದ ಗಾಡಿ ಮೊದಲ ಸಿಗ್ನಲ್ಲಿನಲ್ಲೇ ಕುಪ್ಪಳಿಸುತ್ತದೆ, ಅಥವಾ ಗೇರೇ ಹಾಕುವುದಿಲ್ಲ. “ಪ್ಲೇಟ್ ಡುಪ್ಲಿಕೇಟ್ ಹಾಕ್ಯಾನ” ಎಂಬ ಅಪವಾದ ಮಿಸ್ತ್ರಿಗೆ. ವಾಲ್ವ್ ಬಾಡಿಯ ಕಥೆಯೂ ಇದೇ. ಕೆಟ್ಟಿರುವುದು ಒಂದು ಸೊಲೆನಾಯ್ಡ್ ಆದರೂ ಅದೊಂದೇ ಬಿಡಿಯಾಗಿ ಸಿಗದಿದ್ದರೆ ಇಡೀ ಜೋಡಣೆ ಕೊಳ್ಳಬೇಕು, ಕೆಲವೊಮ್ಮೆ ಇಡೀ ಗೇರ್‌ಬಾಕ್ಸ್. ಅಂದಾಜುಪಟ್ಟಿ ಲಕ್ಷ ದಾಟುವುದು ಹೀಗೆ.

ಇದು ಬೆಳಗಾವಿಯೊಂದರ ಸಂಕಟವಲ್ಲ. ಎಎಂಟಿ ಬಂದ ಅದೇ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ಹೊರಗಿನ ಗ್ಯಾರೇಜುಗಳನ್ನು ದೂರ ಇಟ್ಟಿವೆ ಎಂಬುದು ಆರೋಪ. ಪ್ರಕರಣ ಮೇಲ್ಮನವಿ, ಕೋರ್ಟು ಎಂದು ಅಲೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ನ ಪೋರ್ಟಲ್ ತೆರೆದಾಗ ವಾಹನಗಳೂ ಆ ಪಟ್ಟಿಯಲ್ಲಿದ್ದವು. ಗ್ಯಾರೇಜಿನ ನೆಲದ ಮೇಲೆ ಕೂತು ನೋಡಿದರೆ ಈ ಕಾಗದಗಳು ಬಹಳ ಎತ್ತರದಲ್ಲಿವೆ.

ಕಂಪನಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಸಿಕ್ಕಿದ ಕೆಂಪೆಣ್ಣೆ ಸುರಿದು ಸಿವಿಟಿ ಕೊಂದವರೂ, ಕೂಲರ್ ತೊಳೆಯದೆ ಹೊಸ ಗೇರ್‌ಬಾಕ್ಸ್ ಕೂಡಿಸಿ ಹಳೆಯ ಚೂರುಗಳನ್ನೇ ಮತ್ತೆ ಒಳಗೆ ಕಳಿಸಿದವರೂ ಊರಿನಲ್ಲಿ ಕಡಿಮೆಯಿಲ್ಲ. ಆದರೆ ಓದಲು ಪುಸ್ತಕವನ್ನೇ ಕೊಡದೆ ಪರೀಕ್ಷೆಯಲ್ಲಿ ಫೇಲಾದ ಎಂದು ಬೈಯುವುದು ಎಷ್ಟು ನ್ಯಾಯ?

ಗೋವಾ ಪಾಸಿಂಗ್ ಗಾಡಿ ಕೊಳ್ಳುವ ಮುನ್ನ

ಬೆಳಗಾವಿಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಪುಣೆ, ಮುಂಬೈ, ಗೋವಾ, ಬೆಂಗಳೂರು ನೋಂದಣಿಯ ಆಟೊಮ್ಯಾಟಿಕ್ ಕಾರುಗಳು ಬರುತ್ತಲೇ ಇರುತ್ತವೆ. ಬೆಲೆ ಆಕರ್ಷಕ, ಸೀಟು ಹೊಳಪು. ಗೇರ್‌ಬಾಕ್ಸಿನ ಇತಿಹಾಸ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಸರ್ವಿಸ್ ದಾಖಲೆಯಲ್ಲಿ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ್ದು ಬರೆದಿದೆಯೇ ನೋಡಿ. ಎಂಜಿನ್ ಎಣ್ಣೆಯ ಬಿಲ್ಲನ್ನೇ ತೋರಿಸಿ ಹೌದೆನ್ನುವವರಿದ್ದಾರೆ. ಬ್ರೇಕ್ ಒತ್ತಿ ಹಿಡಿದು ಎನ್‌ನಿಂದ ಡಿಗೆ, ಡಿಯಿಂದ ಆರ್‌ಗೆ ಹಾಕಿ. ಟಾರ್ಕ್ ಕನ್ವರ್ಟರ್ ಗಾಡಿ ಒಂದು ಸೆಕೆಂಡಿನೊಳಗೆ ಮೆಲ್ಲಗೆ ಹಿಡಿಯಬೇಕು. ತಡ ಮಾಡಿ ಧಡ್ ಎಂದರೆ ಒತ್ತಡ ಸರಿಯಿಲ್ಲ. ಸಿವಿಟಿಯಾದರೆ ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಹಗುರಾಗಿ ಆಕ್ಸಿಲರೇಟರ್ ಒತ್ತಿ ನಡುಕ ಇದೆಯೇ ಗಮನಿಸಿ. ಎಎಂಟಿಯನ್ನು ಓವರ್‌ಬ್ರಿಜ್ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ, ಸುಟ್ಟ ವಾಸನೆ ಬಂದರೆ ಪ್ಲೇಟಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ಡಿಸಿಟಿಯನ್ನು ಖಾಲಿ ರಸ್ತೆಯಲ್ಲಿ ನೋಡಿ ಪ್ರಯೋಜನವಿಲ್ಲ, ಗೇಟು ಬೀಳುವ ಹೊತ್ತಿಗೆ ಟ್ರಾಫಿಕ್ಕಿಗೇ ಒಯ್ಯಬೇಕು. ಕೊನೆಗೆ ಸ್ಕ್ಯಾನರ್ ಹಚ್ಚಿಸಿ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಹಳೆಯ ದೂರುಗಳಿವೆಯೇ ಓದಿಸಿ. ಎಲ್ಲವೂ ಇತ್ತೀಚೆಗಷ್ಟೇ ಅಳಿಸಿದಂತೆ ಕಂಡರೆ ಅದೂ ಒಂದು ಉತ್ತರವೇ.

ಇದನ್ನೆಲ್ಲ ಮಾಡಬೇಕಾದ್ದು ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಮೇಲೆ. ಸವೆದ ಗೇರ್‌ಬಾಕ್ಸ್ ಎಷ್ಟೋ ಸಲ ಬೆಳಗಿನ ಮೊದಲ ಗೇರಿನಲ್ಲೇ ಸಿಕ್ಕಿಬೀಳುತ್ತದೆ, ಬಿಸಿಯಾದ ಮೇಲೆ ಸಾಚಾ ಆಗುತ್ತದೆ. ನೀವು ಅಂಗಡಿಗೆ ಹೋಗುವ ಮೊದಲೇ ಗಾಡಿ ಚಾಲೂ ಮಾಡಿ ಇಟ್ಟಿದ್ದರೆ, ಬಾನೆಟ್ ಮುಟ್ಟಿ ನೋಡಿ ಬೆಚ್ಚಗಿದ್ದರೆ, ಚಹಾ ಕುಡಿದು ನಾಳೆ ಬರುತ್ತೇನೆಂದು ಹೇಳಿ ಬನ್ನಿ.